ಏರಿಯ ಮೇಲೆ ಕೂತವಳು

ನನ್ನನ್ನು ನಂಬಬೇಡಿ. ಧೈರ್ಯವಿದ್ದರೆ ಕೊನೆಯ ಸಾಲಿನವರೆಗೂ ನಂಬದೆ ಓದಿ ತೋರಿಸಿ, ನೋಡೋಣ.

ಚನ್ನಗಿರಿಯಿಂದ ಹೊನ್ನಾಳಿ ಮೇಲೆ ಹಾಯ್ದು ನ್ಯಾಮತಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದ ಹಾಲಪ್ಪ ನಾನು. ನನ್ನ ಮಾತು ನಂಬಿ ಮೋಸಹೋದವರು ಆ ದಾರಿಯಲ್ಲಿ ಸ್ಟಾಪಿಗೆ ಹತ್ತು ಜನ ಸಿಗುತ್ತಾರೆ. ಅಮಾವಾಸ್ಯೆ ದಿನ ಎಡಗಡೆಯ ಸೀಟಿಗೆ ಅರ್ಧ ಟಿಕೆಟ್ ಎಂದು ಹೇಳಿ ಇಡೀ ಮದುವೆ ದಿಬ್ಬಣವನ್ನು ಒಂದೇ ಮಗ್ಗುಲಿಗೆ ತುಂಬಿ ಬಸ್ಸು ವಾಲಿಸಿದವನು ನಾನು. ಚೆಕಿಂಗಿಗೆ ಬಂದವನ ಎದುರು ನನ್ನ ಚರ್ಮದ ಚೀಲವನ್ನು ಒಬ್ಬ ಪ್ರಯಾಣಿಕನ ಕೊರಳಿಗೆ ಹಾಕಿ, ನಾನು ಕಿಟಕಿ ಪಕ್ಕ ನಿದ್ದೆ ಹೊಡೆದವನಂತೆ ಕೂತಿದ್ದೆ. ಆ ಪುಣ್ಯಾತ್ಮ ಹೊನ್ನಾಳಿ ಬರುವವರೆಗೂ ಟಿಕೆಟ್ ಹರಿದ, ನನಗಿಂತ ಚೆನ್ನಾಗಿಯೇ ಹರಿದ. ಇನ್ನು ನನ್ನ ವಿಸಿಲ್! ಬಸ್ ಸ್ಟ್ಯಾಂಡಿನಲ್ಲಿ ಹಿಡಿದ ಉಸಿರು ಪೆಟ್ರೋಲ್ ಬಂಕ್ ದಾಟಿದ ಮೇಲೇ ಮುಗಿಯುತ್ತಿತ್ತು. ಅಂಥ ಎದೆ ಈ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ.

ಆ ಎದೆಯಲ್ಲಿ ಹುಟ್ಟಿದಾಗಿನಿಂದ ಒಂದು ತೂತಿತ್ತು ಎನ್ನುವುದು ಈಗ ನಾನು ಹೇಳಹೊರಟಿರುವ ಸಂಗತಿ. ಅರವತ್ತೇಳು ವರ್ಷ ಅದನ್ನು ಒಳಗಿಟ್ಟುಕೊಂಡು ಓಡಾಡಿದೆ. ನನಗೇ ಗೊತ್ತಿರಲಿಲ್ಲ. ಎಲ್ಲರಿಗೂ ಟೋಪಿ ಹಾಕಿದವನಿಗೆ ಒಳಗೇ ಒಬ್ಬ ಟೋಪಿ ಹಾಕುತ್ತ ಕೂತಿದ್ದ.

ಇದರಲ್ಲಿ ಒಂದು ಸುಳ್ಳು ಬೆರೆಸಿದ್ದೇನೆ. ಒಂದೇ ಒಂದು. ಹಿಡಿಯಿರಿ ನೋಡೋಣ. ಸಿಗದಿದ್ದರೆ ಕೊನೆಗೆ ನಾನೇ ಒಪ್ಪಿಸುತ್ತೇನೆ.

ಶುರುವಾದದ್ದು ಪಾದದಿಂದ. ಚಪ್ಪಲಿ ಬಿಗಿಯಾಯಿತು. ಆಮೇಲೆ ಮನೆಯಿಂದ ಬಸ್ ಸ್ಟ್ಯಾಂಡಿನ ಹೋಟೆಲ್ಲಿಗೆ ಹೋಗುವ ದಾರಿಯಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಸುಮ್ಮನೆ ನಿಂತರೆ ಮರ್ಯಾದೆ ಹೋಗುತ್ತದಲ್ಲ, ಗೋಡೆಗೆ ಅಂಟಿಸಿದ್ದನ್ನು ಓದುವವನಂತೆ ನಿಲ್ಲುತ್ತಿದ್ದೆ. ಒಂದು ಟ್ಯೂಷನ್ ಜಾಹೀರಾತನ್ನು ನಾನು ಓದಿದಷ್ಟು ಸಲ ಅದನ್ನು ಬರೆಸಿದವನೂ ಓದಿರಲಾರ.

ನನ್ನ ಹೆಂಡತಿ ರತ್ನಮ್ಮ ಹಾಲು ತರಲು ಹೋದವಳು ನೋಡಿಬಿಟ್ಟಳು. "ಏನ್ರೀ, ಈ ವಯಸ್ಸಿನಾಗ ಟ್ಯೂಷನ್ನಿಗೆ ಸೇರ್ತೀರಾ?"

"ಲೆಕ್ಕ ಸ್ವಲ್ಪ ವೀಕ್ ಐತೆ ಕಣೇ."

"ಲೆಕ್ಕ ಅಲ್ಲ, ನಿಮ್ಮ ತುಟಿ ಕಪ್ಪಿಟ್ಟೈತೆ. ನಡೀರಿ ದಾವಣಗೆರೆಗೆ."

ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಎದೆಗೆ ತಣ್ಣನೆಯ ಅಂಟು ಬಳಿದು ಎಕೋ ಮಾಡಿದರು. ಹೃದಯದ ಬಲಗಡೆ ಉಬ್ಬಿದೆ, ಯಾಕೆಂದು ಇದರಲ್ಲಿ ಕಾಣುತ್ತಿಲ್ಲ, ಎಂಆರ್‌ಐ ಮಾಡಿಸಬೇಕು ಎಂದರು. ಎಂಆರ್‌ಐ ತಲೆಗೆ, ಸೊಂಟಕ್ಕೆ ಮಾಡುತ್ತಾರೆಂದು ಕೇಳಿದ್ದೆ. ಹೃದಯಕ್ಕೂ ಮಾಡುತ್ತಾರೆಂದು ಆವತ್ತೇ ತಿಳಿದದ್ದು.

ಆ ಕಾಯುವ ಕೋಣೆಗೆ ಹೋಗಿ ಬಂದವರಿಗೆ ನಾನು ಹೇಳಬೇಕಾದ್ದಿಲ್ಲ. ಹೋಗದವರಿಗೆ ಹೇಳುತ್ತೇನೆ: ಅಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಗೋಡೆಯಾಚೆಯಿಂದ ಮಾತ್ರ ಯಾರೋ ಕಬ್ಬಿಣದ ಬಾಗಿಲು ಬಡಿಯುವ ಸದ್ದು ಬರುತ್ತಿರುತ್ತದೆ. ಉಬ್ರಾಣಿ ಕಡೆಯ ಹೆಂಗಸೊಬ್ಬಳು ಸೆರಗಿನೊಳಗಿಂದ ಮಂಡಕ್ಕಿ ಪೊಟ್ಟಣ ತೆಗೆದು ರತ್ನಮ್ಮನಿಗೆ ಒಂದು ಹಿಡಿ ಕೊಟ್ಟಳು. ಯಾವೂರು, ಯಾರಿಗೆ ಏನಾಗಿದೆ, ಒಂದೂ ಕೇಳಲಿಲ್ಲ. ಸುಮ್ಮನೆ ಕೊಟ್ಟಳು. ಇಂಥವರು ಒಬ್ಬರಾದರೂ ಅಲ್ಲಿ ಇರುತ್ತಾರೆ, ಹೆದರಬೇಡಿ.

ಒಳಗೆ ಕರೆದದ್ದು ಯಂತ್ರ ನಡೆಸುವ ಹುಡುಗಿ. ಇಪ್ಪತ್ತೈದು ಇರಬಹುದು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಅಂದೆ. "ಅಜ್ಜಾರೆ, ಮೈ ಮೇಲಿನ ಲೋಹ ಎಲ್ಲ ತೆಗೀಬೇಕು. ಉಂಗುರ, ಉಡಿದಾರ, ಕೊರಳಾಗಿಂದು."

ಕೊರಳಲ್ಲಿದ್ದದ್ದು ಬೆಳ್ಳಿಯ ಕರಡಿಗೆ. ಅದರೊಳಗೆ ನನ್ನ ಇಷ್ಟಲಿಂಗ. ಎಷ್ಟು ತಮಾಷೆ ಮಾಡಿದರೂ ಅದನ್ನು ಮೈಯಿಂದ ಇಳಿಸಿದವನಲ್ಲ ನಾನು. ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡಿ ಎಂದರು. ರತ್ನಮ್ಮ ಎದ್ದು ಬಂದು, ಲಿಂಗವನ್ನು ಕರಡಿಗೆಯಿಂದ ತೆಗೆದು ತನ್ನ ಎಡಗೈ ಅಂಗೈ ಮೇಲೆ ಇಟ್ಟುಕೊಂಡಳು. ಪೂಜೆಗೆ ಕೂತವರಂತೆ. "ನೀವು ಬರೋತನಕ ಹಿಂಗೇ ಇರ್ತೈತೆ, ಹೋಗ್ರಿ" ಎಂದಳು. ಒಂದು ಗಂಟೆಗೂ ಮೇಲಾಯಿತು. ಹೊರಗೆ ಬಂದಾಗ ಆ ಕೈ ಹಾಗೇ ಇತ್ತು. ಜೋಮು ಹಿಡಿದ ಬೆರಳು ಬಿಡಿಸಲು ನಾನೇ ನೀವಬೇಕಾಯಿತು.

ಕೊಳವೆಯೊಳಗೆ ಮಲಗಿಸಿ ಎದೆಯ ಮೇಲೆ ಪಲಗೆಯಂಥದ್ದೊಂದನ್ನು ಬಿಗಿದರು. ಕಿವಿಗೆ ಹೆಡ್‌ಫೋನು, ಕೈಗೆ ಒಂದು ರಬ್ಬರ್ ಚೆಂಡು. ತೊಂದರೆಯಾದರೆ ಒತ್ತಿ ಎಂದರು. ಇಂಥ ಚೆಂಡು ನನ್ನ ಕೈಗೆ ಕೊಟ್ಟು ಒತ್ತಬೇಡ ಎಂದರೆ ಹೇಗೆ? ಸ್ವಲ್ಪ ಹೊತ್ತು ತಡೆದೆ. ಆಮೇಲೆ ಒತ್ತಿದೆ.

ಸದ್ದು ನಿಂತಿತು. ಬಾಗಿಲು ತೆರೆಯಿತು. ಹುಡುಗಿ ಓಡಿ ಬಂದಳು. ಏದುತ್ತಿದ್ದಳು. "ಏನಾತು ಅಜ್ಜಾರೆ? ಎದೆ ನೋವಾ?"

"ಏನಿಲ್ಲ ಮೇಡಂ, ಹೊನ್ನಾಳಿ ಬಂತು. ಇಳಿಯೋರು ಇಳಿದ್ರಾ?"

ಅವಳು ನಗಲಿಲ್ಲ. ಬೈಯಲೂ ಇಲ್ಲ. ನನ್ನ ಮುಖದ ಮೇಲೆ ಬಗ್ಗಿ ಹೇಳಿದಳು: "ಅಜ್ಜಾರೆ, ನೀವು ಹತ್ತು ಸಲ ಒತ್ರಿ, ನಾನು ಹತ್ತು ಸಲಾನೂ ನಿಜ ಅಂತಾನೇ ಓಡಿ ಬರ್ತೀನಿ. ಯಾವುದು ತಮಾಷೆ ಅಂತ ಯೋಚನೆ ಮಾಡಾಕೆ ನನಗೆ ಟೈಮ್ ಇರಲ್ಲ."

ಮತ್ತೆ ಒತ್ತಲಿಲ್ಲ. ಆ ಮಾತು ಯಾಕೆ ಹಾಗೆ ಚುಚ್ಚಿತೋ ಆಗ ಗೊತ್ತಾಗಲಿಲ್ಲ.

ಹೆಡ್‌ಫೋನಿನಲ್ಲಿ ಅವಳದೇ ಧ್ವನಿ: ಉಸಿರು ತಗೊಳ್ಳಿ, ಬಿಡಿ, ಈಗ ಹಿಡೀರಿ. ಹನ್ನೆರಡು ಎಣಿಸುವಷ್ಟು ಹಿಡಿಯಬೇಕು. ಪೆಟ್ರೋಲ್ ಬಂಕಿನವರೆಗೆ ವಿಸಿಲ್ ಊದಿದ ಹಾಲಪ್ಪ ಏಳಕ್ಕೆ ಸೋತ. ಮತ್ತೊಂದು ಸಲ. ಎಂಟು. ಮತ್ತೊಂದು ಸಲ. "ಪರವಾಗಿಲ್ಲ ಅಜ್ಜಾರೆ, ಎಂಟಕ್ಕೇ ಮಾಡೋಣ" ಎಂದಳು. ನನ್ನ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಮೆತ್ತಗೆ ರಿಯಾಯಿತಿ ಕೊಟ್ಟಿರಲಿಲ್ಲ.

ಮಾರನೇ ದಿನ ಡಾಕ್ಟರು ಫಿಲಂ ಹಿಡಿದು ಕೂರಿಸಿದರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ, ಅದರ ಮೇಲ್ತುದಿಯ ಮೂಲೆ, ಅಲ್ಲೊಂದು ತೂತು. ಶ್ವಾಸಕೋಶದಿಂದ ಎಡಗಡೆಗೆ ಬರಬೇಕಾದ ರಕ್ತನಾಳವೊಂದು ದಾರಿ ತಪ್ಪಿ ಬಲಗಡೆಗೆ ಸೇರಿಕೊಂಡಿದೆ. ಹುಟ್ಟುವಾಗಲೇ ಹಾಗೆ.

"ಡಾಕ್ಟ್ರೇ, ಅರವತ್ತೇಳಕ್ಕೆ ಹುಟ್ಟಿನ ಕಾಯಿಲೆ ಸಿಕ್ತು ಅಂದ್ರೆ ನನ್ನ ನಾಮಕರಣ ಯಾವಾಗ ಇಟ್ಕೊಳ್ಳಾನ?"

ಅವರು ನಕ್ಕರು, ಪಾಪ. ಆಮೇಲೆ ಹೇಳಿದರು. ಸಣ್ಣ ವಯಸ್ಸಿನಲ್ಲಿ ಸಿಕ್ಕಿದ್ದರೆ ಆಪರೇಷನ್ ಮಾಡಿ ಸರಿಮಾಡಬಹುದಿತ್ತು. ಈಗ ಶ್ವಾಸಕೋಶದ ಒತ್ತಡ ಏರಿಬಿಟ್ಟಿದೆ, ಮುಚ್ಚಿದರೇ ಅಪಾಯ. ಮಾತ್ರೆಯಲ್ಲಿ ದಿನ ತಳ್ಳಬೇಕು. ನಾನು ತಲೆಯಾಡಿಸಿದೆ. ತಳ್ಳುವುದು ನನಗೆ ಹೊಸದೇ? ಕೆಟ್ಟು ನಿಂತ ಬಸ್ಸನ್ನು ಎಷ್ಟು ಸಲ ತಳ್ಳಿಲ್ಲ.

"ಇದು ಎಲ್ಲ ಮನೇಲೂ ವಂಶದಿಂದ ಬರಲ್ಲ, ಕೆಲವು ಮನೇಲಿ ಬರುತ್ತೆ" ಎಂದರು. "ನಿಮ್ಮ ಮನೇಲಿ ಯಾರಿಗಾದ್ರೂ ಸಣ್ಣ ವಯಸ್ಸಿಂದ ಏದುಸಿರು ಇತ್ತಾ?"

ಇದಕ್ಕೂ ಒಂದು ಉತ್ತರ ರೆಡಿ ಇತ್ತು. ಬಾಯಿ ತೆರೆದೆ. ನನ್ನ ಪಕ್ಕದ ಕುರ್ಚಿಯಲ್ಲಿ ರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಮಗೊಬ್ಬಳು ಮಗಳಿದ್ದಳು. ಒಬ್ಬಳೇ. ಗಿರಿಜಾ.

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮೇಲೆ ಕೇಳಬೇಕೆ, ನನ್ನನ್ನೇ ಏಮಾರಿಸುತ್ತಿದ್ದಳು. ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಟ್ಟು ನನಗೆ ಚಹಾ ಕುಡಿಸಿದ್ದಳು. ಹೊಟ್ಟೆನೋವೆಂದು ಹೊರಳಾಡಿ ಸ್ಕೂಲು ತಪ್ಪಿಸಿ, ನಾನು ಬಸ್ಸು ಹತ್ತಿದ ಮೇಲೆ ಹಿಂದಿನ ಸೀಟಿನಿಂದ ಎದ್ದು "ಒಂದು ಹಾಫ್ ಟಿಕೆಟ್ ಕೊಡ್ರೀ" ಎನ್ನುತ್ತಿದ್ದಳು. ನನಗೆ ಹೆಮ್ಮೆಯೋ ಹೆಮ್ಮೆ. ನನ್ನ ವಿದ್ಯೆ ನನ್ನ ಜೊತೆಗೇ ಹೋಗುವುದಿಲ್ಲವೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಸೂಳೆಕೆರೆ ತುಂಬಿ ಕೋಡಿ ಬಿದ್ದಿತ್ತು. ನೋಡಲು ಕರೆದುಕೊಂಡು ಹೋದೆ. ಏರಿಯ ಮೇಲೆ ನಡೆಯುತ್ತಿದ್ದೆವು. ಅಂದು ಬೆಳಿಗ್ಗೆಯೇ ಅವಳು ಕುಂಟಿ ಕುಂಟಿ ನಡೆದು, ನನ್ನಿಂದ ಐಸ್ ಕ್ಯಾಂಡಿ ಕೊಡಿಸಿಕೊಂಡು, ಕೈಗೆ ಬಂದ ಕೂಡಲೇ ನೆಟ್ಟಗೆ ಓಡಿದ್ದಳು. ಅರ್ಧ ಏರಿಗೆ ಬಂದಾಗ ಕೂತುಬಿಟ್ಟಳು.

"ಅಪ್ಪಾ, ಆಗಂಗಿಲ್ಲ. ಉಸಿರು ಹತ್ತತೈತೆ. ಎದಿ ನೋಡು ಹೆಂಗೆ ಬಡ್ಕೊಂತೈತೆ."

ನಾನು ಚಪ್ಪಾಳೆ ತಟ್ಟಿದೆ. "ಭಲೇ ಮಗಳೇ! ಬೆಳಿಗ್ಗಿಂದಕ್ಕಿಂತ ಇದು ಚಲೋ ಆತು!"

"ನಾಟಕ ಅಲ್ಲಪ್ಪಾ."

"ಅದನ್ನೇ ಹೇಳಬೇಕು, ಹಂಗೇ ಹೇಳಬೇಕು!" ಎಂದು ನಾನು ಮುಂದೆ ನಡೆದೆ. ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ ನೋಡಿದೆ. ಅವಳು ಎರಡೂ ಕೈ ನೆಲಕ್ಕೂರಿ ಕೂತಿದ್ದಳು. ವಾಪಸ್ ಬಂದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಡಿಯವರೆಗೂ ನಡೆದೆ. ಅವಳ ಎರಡು ಪಾದ ನನ್ನ ಎದೆಯ ಮೇಲೆ ತೂಗಾಡುತ್ತಿದ್ದವು.

ಮುಂದೆಯೂ ಅವಳು ಹೀಗೆ ಅಲ್ಲಲ್ಲಿ ಕೂರುತ್ತಿದ್ದಳು. ನೀರಿನ ಕೊಡ ಹೊತ್ತು ಬರುವಾಗ, ಮದುವೆ ಮನೆಯಲ್ಲಿ ಬಡಿಸುವಾಗ. ನಮ್ಮ ಮನೆಯಲ್ಲಿ ಅದಕ್ಕೆ "ಗಿರಿಜಾಳ ಸ್ಟಾಪ್" ಎಂದು ಹೆಸರು. ಹೆಸರಿಟ್ಟವನು ನಾನು.

ನ್ಯಾಮತಿಗೆ ಕೊಟ್ಟೆವು. ಒಂದು ಹೆಣ್ಣು ಮಗು ಆಯಿತು, ಸಿಂಚನಾ. ಅದಾಗಿ ಆರು ವರ್ಷಕ್ಕೆ ಮತ್ತೆ ಬಸುರಿಯಾದಳು. ಏಳನೇ ತಿಂಗಳಲ್ಲಿ ಫೋನು ಮಾಡಿದ್ದಳು. "ಅಪ್ಪಾ, ಮಲಗಾಕೆ ಆಗ್ತಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದಿ ಮಾಡ್ತೀನಿ."

"ಕೂತು ನಿದ್ದಿ ಮಾಡೋದು ಕಂಡಕ್ಟರ್ ಮನೆತನದ ವಿದ್ಯೆ ಕಣವ್ವ" ಎಂದೆ ನಾನು.

ಅವಳು ನಕ್ಕಳು. ಮೂರನೇ ದಿನ, ದಾವಣಗೆರೆಗೆಂದು ಹೊರಟ ಗಾಡಿ ಹೊನ್ನಾಳಿಯ ಸೇತುವೆ ದಾಟುವುದರೊಳಗೆ ಹೋಗಿಬಿಟ್ಟಳು. ಮಗುವೂ ಹೋಯಿತು. ಆ ಸೇತುವೆಯನ್ನು ನಾನು ಎಷ್ಟು ಸಾವಿರ ಸಲ ದಾಟಿದ್ದೆನೋ.

ಇಷ್ಟಾದರೆ ಒಂದು ದುಃಖ. ಇದರ ಮೇಲೆ ನಾನು ಮಾಡಿಟ್ಟದ್ದು ಇನ್ನೊಂದಿದೆ.

ಅದರ ಹಿಂದಿನ ವರ್ಷ ನಾನು ಜೀವನದ ದೊಡ್ಡ ತಮಾಷೆ ಮಾಡಿದ್ದೆ. ನನ್ನದೇ ಕೈಲಾಸ ಸಮಾರಾಧನೆಯ ಕಾರ್ಡು ಅಚ್ಚು ಹಾಕಿಸಿದ್ದೆ. "ಲಿಂಗೈಕ್ಯ ಹಾಲಪ್ಪನವರು" ಎಂದು, ಮೇಲೆ ನನ್ನ ಫೋಟೋ, ಸುತ್ತ ಬಿಲ್ವಪತ್ರೆಯ ಅಂಚು. ಜಗಳೂರಿನಲ್ಲಿರುವ ರತ್ನಮ್ಮನ ತಮ್ಮ ತಿಪ್ಪೇಸ್ವಾಮಿಯ ಮನೆಗೆ, ಅವನ ದಾಯಾದಿಗಳಿಗೆ ಹಂಚಿಸಿದೆ. ಒಂದು ಟೆಂಪೋ ತುಂಬಾ ಹಾರ ಹಿಡಿದು, ಅತ್ತುಕೊಂಡು ಬಂದರು. ಬಾಗಿಲಲ್ಲಿ ನಾನೇ ನಿಂತು, "ಬರ್ರಿ ಬರ್ರಿ, ಹೋಳಿಗೆ ಆರ್ತೈತೆ" ಎಂದೆ. ತಿಪ್ಪೇಸ್ವಾಮಿ ಆ ಹಾರದಲ್ಲೇ ನನಗೆ ಹೊಡೆದ. ಆಮೇಲೆ ಎಂಟು ಹೋಳಿಗೆ ತಿಂದ. ಇಡೀ ಸೀಮೆ ವರ್ಷವಿಡೀ ನಕ್ಕಿತು.

ಗಿರಿಜಾ ಹೋದ ದಿನ ಅವನಿಗೆ ಫೋನು ಮಾಡಿದವನು ನಾನೇ. ರತ್ನಮ್ಮನಿಗೆ ಮಾತು ಹೊರಡುತ್ತಿರಲಿಲ್ಲ.

"ತಿಪ್ಪೇಶಿ, ಗಿರಿಜಾ ಹೋದ್ಲು ಕಣೋ."

"ಥೂ ಭಾವ. ನಿಮ್ಮ ಹೆಸ್ರು ಸಾಲ್ಲಿಲ್ಲ ಅಂತ ಮಗಳ ಹೆಸ್ರಿಗೆ ಬಂದ್ರಾ? ಇದಕ್ಕೆ ನಗಾಕಾಗಲ್ಲ, ಇಡ್ರಿ ಫೋನು." ಇಟ್ಟುಬಿಟ್ಟ. ಮತ್ತೆ ಮಾಡಿದರೆ ಸ್ವಿಚ್ ಆಫ್.

ನಮ್ಮ ಮನೆಗಳಲ್ಲಿ ಹೆಣ್ಣುಮಗಳಿಗೆ ಸೋದರಮಾವ ತಂದ ಸೀರೆ ಹೊದಿಸಿಯೇ ಮಣ್ಣು ಕೊಡುವುದು. ಕಾದೆವು. ಬಿಸಿಲು ಇಳಿಯಿತು. ಕೊನೆಗೆ ರತ್ನಮ್ಮ ತನ್ನ ಪೆಟ್ಟಿಗೆಯ ಸೀರೆ ತೆಗೆದು ತಾನೇ ಹೊದಿಸಿದಳು.

ಸಮಾರಾಧನೆಯ ಕಾರ್ಡು ಹಾಕಿಸಲು ಹೋದರೆ ಪ್ರೆಸ್ಸಿನವನು ಕಂಪ್ಯೂಟರಿನಲ್ಲಿ ನನ್ನ ಹಳೆಯ ಕಾರ್ಡನ್ನೇ ತೆಗೆದು, ಹೆಸರು ಫೋಟೋ ಬದಲಿಸಿ ಕೊಟ್ಟ. ಅದೇ ಬಿಲ್ವಪತ್ರೆ ಅಂಚು. ತಿಪ್ಪೇಸ್ವಾಮಿ ಅದನ್ನೂ ನಂಬಲಿಲ್ಲವಂತೆ. ಅವನ ಹೆಂಡತಿ ರತ್ನಮ್ಮನಿಗೆ ಫೋನು ಮಾಡಿ ಅಳು ಕೇಳಿದ ಮೇಲೆ ಬಂದ. ಒಳಗೆ ಬರಲಿಲ್ಲ. ಸೀರೆಯ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಹೊಸ್ತಿಲಾಚೆ ನಿಂತಿದ್ದ. ಹನ್ನೆರಡು ವರ್ಷವಾಯಿತು. ರತ್ನಮ್ಮ ನನ್ನನ್ನು ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಇದೆಲ್ಲ ಆ ಡಾಕ್ಟರ ಕುರ್ಚಿಯಲ್ಲಿ ಕೂತು ನೆನಪಾಯಿತು. ನನ್ನ ಮಗಳಿಗೂ ಇದೇ ಇತ್ತೇ ಎಂದು ಕೇಳಿದೆ. "ಈಗ ಹೇಳಾಕೆ ಬರಲ್ಲ" ಎಂದರು. "ಅವರಿಗೆ ಮಕ್ಕಳಿದ್ರೆ ಕರ್ಕೊಂಡು ಬನ್ನಿ. ಬೇಗ."

ಇದ್ದಾಳೆ ಒಬ್ಬಳು. ಅಳಿಯ ಬೇರೆ ಮದುವೆಯಾದ ಮೇಲೆ ಸಿಂಚನಾ ನಮ್ಮ ಮನೆಯಲ್ಲೇ ಬೆಳೆದಳು. ಈಗ ಹದಿನೆಂಟು. ಕಾಲೇಜು ಹೊನ್ನಾಳಿಯಲ್ಲಿ. ಬಸ್ಸಿನಲ್ಲಿ ವಾಪಸ್ ಬರುವಾಗ ಎದೆಯಲ್ಲಿ ಒಂದೇ ಚಿತ್ರ: ಒಂದು ತಿಂಗಳ ಹಿಂದೆ ಒಗೆದ ಬಟ್ಟೆಯ ಬಕೆಟ್ ಹಿಡಿದು ಮಾಳಿಗೆ ಮೆಟ್ಟಿಲು ಹತ್ತುತ್ತಿದ್ದವಳು ನಡುವೆ ಕೂತು, "ಅಜ್ಜಾ, ನೀನೇ ಹರವು, ಸುಸ್ತು" ಎಂದಿದ್ದಳು. ನಾನು ಅಂಗಳದಿಂದಲೇ ಕೂಗಿದ್ದೆ: "ನಾಟಕ ಮಾಡ್ಬ್ಯಾಡ, ಹತ್ತು!"

ಮನೆಗೆ ಬಂದು ಹೇಳಿದೆ. ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ತೋರಿಸಿದೆ.

ಸಿಂಚನಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದನ್ನೂ ಪ್ರೆಸ್ನಾಗ ಅಚ್ಚು ಹಾಕ್ಸಿದ್ಯಾ ಅಜ್ಜ?"

"ಇಲ್ಲ ಮಗಾ, ಎಂಆರ್‌ಐದು. ನಿನ್ನೂ ಕರ್ಕೊಂಡು ಬರಾಕೆ ಹೇಳ್ಯಾರೆ."

"ಹೋದ ವಾರ ಕಾಲೇಜು ರಜಾ ಅಂತ ಹೇಳಿ ನನ್ನ ಇಂಟರ್ನಲ್ ಪರೀಕ್ಷೆ ತಪ್ಪಿಸಿದ್ಯಲ್ಲ, ಅದು ಮುಗೀತು. ಈಗ ಹಾರ್ಟಿಗೆ ಬಂದ್ಯಾ? ನಾನು ಬರಲ್ಲ. ನಂಬಲ್ಲ."

ಆಣೆ ಮಾಡಿದೆ. "ಯಾರ ಮೇಲೆ ಆಣಿ ಇಡಲಿಲ್ಲ ಹೇಳು ನೀನು?" ಎಂದಳು. ತಿಪ್ಪೇಸ್ವಾಮಿಗೆ ಫೋನು ಮಾಡಿ, ನೀನಾದರೂ ಹೇಳು ಎಂದೆ. ಅವನು "ಭಾವ, ಈ ಸಲ ಹೋಳಿಗೆನಾ, ಕಡುಬಾ?" ಎಂದ. ನಾನು ಹಿಂದೆ ಯಾವತ್ತೂ ಇಷ್ಟು ನಿಜ ಹೇಳಿರಲಿಲ್ಲ, ಯಾವತ್ತೂ ಇಷ್ಟು ಕೆಟ್ಟದಾಗಿ ಹೇಳಿರಲೂ ಇಲ್ಲ. ಸುಳ್ಳು ಹೇಳುವಾಗ ನನ್ನ ನಾಲಿಗೆ ಎಷ್ಟು ಚುರುಕು! ನಿಜಕ್ಕೆ ಅದು ತೊದಲಿತು.

ಎರಡು ದಿನ ಹೀಗೇ ಹೋಯಿತು. ಮೂರನೇ ದಿನ ಸಂಜೆ ಊಟಕ್ಕೆ ಕೂತಾಗ ಅವಳು ಮತ್ತೆ ನನ್ನನ್ನು ಕೆಣಕಿದಳು. ನಾನು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದೆ. ಆಗ ರತ್ನಮ್ಮ ಎದ್ದಳು. "ನೀವು ಸುಮ್ನಿರ್ರಿ" ಎಂದಳು ನನಗೆ, ನಾನು ಏನೂ ಆಡದಿದ್ದರೂ. ಒಳಗೆ ಹೋಗಿ ಪೆಟ್ಟಿಗೆ ತೆರೆದ ಸದ್ದು. ಎರಡು ಕಾರ್ಡು ತಂದು ಸಿಂಚನಾಳ ತಟ್ಟೆಯ ಪಕ್ಕ ಇಟ್ಟಳು. ಒಂದು ನನ್ನದು. ಒಂದು ಗಿರಿಜಾಳದು.

"ಇದು ಸುಳ್ಳು" ಎಂದು ಒಂದರ ಮೇಲೆ ಬೆರಳಿಟ್ಟಳು. "ಇದು ಖರೇ. ಎರಡಕ್ಕೂ ಅಂಚು ಒಂದೇ. ಆ ಸುಳ್ಳು ಕಾರ್ಡಿಂದಾಗಿ ನಿಮ್ಮಮ್ಮನ ಮಾವ ಮಣ್ಣಿಗೆ ಬರಲಿಲ್ಲ. ಇವ್ರು ಹೇಳೋದ್ರಾಗೆ ಯಾವುದು ಸುಳ್ಳು, ಯಾವುದು ಖರೇ ಅಂತ ನನಗೂ ಇವತ್ತಿನವರೆಗೂ ತಿಳಿಯಲ್ಲ ಕಣವ್ವ. ಆದ್ರೆ ಮೂರು ದಿನದಿಂದ ಇವ್ರು ಒಂದು ತಮಾಷೆ ಮಾಡಿಲ್ಲ. ನನಗೆ ಅಷ್ಟು ಸಾಕು. ನಾಳೆ ನೀನು ಬರ್ತೀಯ."

ಸಿಂಚನಾ ತನ್ನಮ್ಮನ ಫೋಟೋ ನೋಡುತ್ತ ಕೂತಳು. ತಟ್ಟೆಯ ಸಾರು ಆರಿತು.

ಅವಳಿಗೂ ಎಕೋದಲ್ಲಿ ತೂತು ಕಾಣಲಿಲ್ಲ, ಬಲಗಡೆ ದೊಡ್ಡದಾಗಿದೆ ಎಂದಷ್ಟೇ ಕಂಡಿತು. ಮತ್ತೆ ಅದೇ ಎಂಆರ್‌ಐ, ಅದೇ ಕಾಯುವ ಕೋಣೆ, ಅದೇ ಮೇಡಂ. ನನ್ನನ್ನು ಗುರುತು ಹಿಡಿದಳು. "ಹೊನ್ನಾಳಿ ಅಜ್ಜಾರೆ" ಎಂದಳು.

ಸಿಂಚನಾ ಬಿಳಿ ಅಂಗಿ ತೊಟ್ಟು ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದಳು. "ಅಜ್ಜ, ಅಮ್ಮನೂ ಹಿಂಗೇ ಹೆದರ್ತಿದ್ಲಾ?"

ಏರಿಯ ಕಥೆ ಹೇಳಿದೆ. ಅವಳು ಕೂತದ್ದು, ನಾನು ಚಪ್ಪಾಳೆ ತಟ್ಟಿದ್ದು, ಎಲ್ಲ. ಹೆಗಲ ಮೇಲೆ ಹೊತ್ತದ್ದನ್ನೂ ಹೇಳಿದೆ.

"ಎಷ್ಟು ದೂರ ಹೊತ್ತೆ?"

"ಕೋಡಿತನಕ."

"ಸರಿ ಬಿಡು ಹಂಗಾದ್ರೆ" ಎಂದು ಎದ್ದು ಒಳಗೆ ಹೋದಳು.

ಹತ್ತು ನಿಮಿಷವೂ ಆಗಿರಲಿಲ್ಲ. ಗೋಡೆಯಾಚೆ ಬಡಿಯುವ ಸದ್ದು ಥಟ್ಟನೆ ನಿಂತಿತು. ಚೆಂಡು ಒತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಎದ್ದೆ. ಎದ್ದವನ ತಲೆಯಲ್ಲಿ, ದೇವರಾಣೆ, ಮೊದಲು ಬಂದ ಯೋಚನೆ ಏನು ಗೊತ್ತೇ? ನನ್ನ ಮೊಮ್ಮಗಳು, ತಮಾಷೆಗೆ ಒತ್ತಿರಬೇಕು. ಹನ್ನೆರಡು ವರ್ಷ, ಇಷ್ಟೆಲ್ಲ ಆದ ಮೇಲೂ. ನಾನು ಅದನ್ನು ಯೋಚಿಸಿ ಮುಗಿಸುವುದರೊಳಗೆ ಆ ಮೇಡಂ ಬಾಗಿಲು ತಳ್ಳಿ ಒಳಗೆ ಓಡಿಯಾಗಿತ್ತು. ಅವಳ ಒಂದು ಚಪ್ಪಲಿ ಹೊರಗೇ ಉಳಿದಿತ್ತು.

ಸಿಂಚನಾ ಕೊಳವೆಯೊಳಗೆ ಬೆದರಿ, ಬೆವರಿ, ಉಸಿರು ಸಿಗದೆ ಒದ್ದಾಡಿದ್ದಳು. ಹೊರಗೆ ತಂದು ಕೂರಿಸಿ ನೀರು ಕೊಟ್ಟರು. "ಯಾರಾದ್ರೂ ಜೊತೆಗೆ ಕೂತ್ರೆ ಮಾಡ್ತೀನಿ" ಎಂದಳಂತೆ. ಒಬ್ಬರು ಕೂರಬಹುದು, ಮೈಮೇಲೆ ಲೋಹ ಇರಬಾರದು. ರತ್ನಮ್ಮನ ಕಾಲುಂಗುರ ಮೂವತ್ತು ವರ್ಷದಿಂದ ಬೆರಳಿಗೆ ಕಚ್ಚಿಕೊಂಡಿತ್ತು, ಬರಲಿಲ್ಲ. ನಾನೇ ಹೋದೆ. ಮತ್ತೆ ಕರಡಿಗೆ ತೆಗೆದೆ, ಮತ್ತೆ ರತ್ನಮ್ಮ ಅಂಗೈ ಚಾಚಿದಳು.

ಕಿವಿಗೆ ಮುಚ್ಚಳ ಹಾಕಿಕೊಂಡು ಯಂತ್ರದ ಬಾಯಿಯ ಪಕ್ಕ ಕುರ್ಚಿಯಲ್ಲಿ ಕೂತೆ. ನನಗೆ ಸಿಗುತ್ತಿದ್ದದ್ದು ಅವಳ ಪಾದ ಮಾತ್ರ. ತಣ್ಣಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಉಸಿರು ಹಿಡಿದಾಗಲೆಲ್ಲ ಹೆಬ್ಬೆರಳು ಬಿಗಿಯುತ್ತಿತ್ತು, ಬಿಟ್ಟಾಗ ಸಡಿಲವಾಗುತ್ತಿತ್ತು. ನಾನೂ ಅವಳ ಜೊತೆ ಉಸಿರು ಹಿಡಿದೆ. ನಾನು ಎಂಟಕ್ಕೆ ಸೋತೆ. ಅವಳು ಹನ್ನೆರಡು ಮುಟ್ಟಿದಳು, ಪ್ರತಿ ಸಲವೂ. ಆ ಗದ್ದಲದೊಳಗೆ ಜೋರಾಗಿ ಅತ್ತೆ. ಎಲ್ಲಿಯಾದರೂ ಜೋರಾಗಿ ಅಳಬೇಕೆಂದಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಯಾರಿಗೂ ಕೇಳುವುದಿಲ್ಲ.

ಅವಳಿಗೂ ಅದೇ ಮೂಲೆಯಲ್ಲಿ ಅದೇ ತೂತು. ಅದೇ ದಾರಿ ತಪ್ಪಿದ ನಾಳ. ಆದರೆ ಹದಿನೆಂಟು ವರ್ಷ. ಒತ್ತಡ ಏರಿರಲಿಲ್ಲ. ಎದೆ ತೆರೆದು ಸರಿಮಾಡಿದರು. ತಿಪ್ಪೇಸ್ವಾಮಿ ಜಗಳೂರಿನಿಂದ ಬಂದು ಐಸಿಯು ಹೊರಗೆ ಐದು ದಿನ ನಮ್ಮ ಜೊತೆ ಕೂತಿದ್ದ. ಆ ಹಳೆಯ ಸೀರೆಯ ಪೊಟ್ಟಣ ತಂದಿದ್ದ, ಬಿಚ್ಚಿರಲೇ ಇಲ್ಲ. ಹುಡುಗಿ ಎದ್ದು ಕೂತ ದಿನ ಅವಳ ಮಡಿಲಲ್ಲಿಟ್ಟು ಹೊರಟುಹೋದ.

ಡಾಕ್ಟರು ನನ್ನ ಹೆಗಲು ತಟ್ಟಿ, "ಸರಿಯಾದ ಟೈಮಿಗೆ ಕರ್ಕೊಂಡು ಬಂದ್ರಿ ಅಜ್ಜಾರೆ" ಎಂದರು. ಸರಿಯಾದ ಟೈಮು! ಒಬ್ಬಳಿಗೆ ಇಷ್ಟು ಸುಲಭವಾಗಿ ಆಗುವುದು ಇನ್ನೊಬ್ಬಳಿಗೂ ಆಗಬಹುದಿತ್ತು ಎಂಬ ಸಂಕಟಕ್ಕೆ ಯಾವ ಮಾತ್ರೆಯೂ ಇಲ್ಲ. ನೀವು ಹುಡುಕಬೇಡಿ, ನಾನು ಕೇಳಿ ನೋಡಿದ್ದೇನೆ.

ಈಗ ಹೀಗಿದ್ದೇನೆ. ಬೆಳಿಗ್ಗೆ ನಾಲ್ಕು ಮಾತ್ರೆ, ಸಂಜೆ ಮೂರು. ಉಪ್ಪು ಕಡಿಮೆ, ಆದ್ದರಿಂದ ರತ್ನಮ್ಮನ ಸಾರಿಗೆ ಹೆಸರಿಡುವ ಹಕ್ಕು ನನಗೆ ಪೂರ್ತಿ ಬಂದಿದೆ. ಸಿಂಚನಾ ಬಕೆಟ್ ಹಿಡಿದು ಮಾಳಿಗೆ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ. ಹಿಂದೆ ಹೋಗುವ ನಾನು ನಡುವೆ ಕೂರುತ್ತೇನೆ. "ಅಜ್ಜಾ?" ಎಂದು ಮೇಲಿಂದ ಕೂಗುತ್ತಾಳೆ. ನಾನು ಉತ್ತರ ಕೊಡದಿದ್ದರೆ ಬಟ್ಟೆ ಬಿಟ್ಟು ಇಳಿದು ಬರುತ್ತಾಳೆ. ಪ್ರತಿ ಸಲವೂ. ನನ್ನಂಥವನಿಗೆ, ಇಷ್ಟು ಸಲ ಅವಳನ್ನು ಏಮಾರಿಸಿದವನಿಗೆ, "ನಾಟಕ" ಎಂದು ಒಂದು ದಿನವೂ ಅಂದಿಲ್ಲ. ಪಕ್ಕದಲ್ಲಿ ಕೂತು ನನ್ನ ಉಸಿರು ತಿಳಿಯಾಗುವವರೆಗೆ ಕಾಯುತ್ತಾಳೆ.

ಅವಳು ಹಾಗೆ ಇಳಿದು ಬರುವುದನ್ನು ನೋಡಿ ನೋಡಿಯೇ ಇದನ್ನು ಬರೆಯಬೇಕಾಯಿತು.

ಆ ಒಂದು ಸುಳ್ಳು. ಹಿಡಿದಿರಾ? ಕಾರ್ಡು ನಿಜ. ಟೆಂಪೋ, ಹಾರ, ಎಂಟು ಹೋಳಿಗೆ ನಿಜ. ಚೆಂಡು ಒತ್ತಿದ್ದು ನಿಜ.

ಸೂಳೆಕೆರೆ ಏರಿಯ ಮೇಲೆ ನಾನು ವಾಪಸ್ ಹೋಗಲಿಲ್ಲ. ಹೆಗಲ ಮೇಲೆ ಹೊರಲಿಲ್ಲ. ನಾಲ್ಕು ಹೆಜ್ಜೆಗೆ ತಿರುಗಿ ನೋಡಿದ್ದು ಹೌದು, ಅವಳು ಎರಡೂ ಕೈ ನೆಲಕ್ಕೂರಿ ಕೂತಿದ್ದು ಹೌದು. ಆಮೇಲೆ ನಾನು ಮುಂದಕ್ಕೆ ನಡೆದೆ. ಕೋಡಿ ನೋಡಿದೆ. ಸಿಂಚನಾ, ನೀನು ಇದನ್ನು ಓದುತ್ತೀಯ ಎಂದು ಗೊತ್ತು. ಆವತ್ತು ಬೆಂಚಿನ ಮೇಲೆ ನಿನಗೂ ಅದೇ ಸುಳ್ಳು ಹೇಳಿದೆ. ಬೈಯಬೇಕೆನಿಸಿದರೆ ಬೈ.

ಅವಳನ್ನು ಕರೆತಂದವನು ಸೈಕಲ್ಲಿನಲ್ಲಿ ಮೀನು ಮಾರುವವನೊಬ್ಬ. ಬುಟ್ಟಿಯನ್ನು ಮುಂದಕ್ಕೆ ಕಟ್ಟಿ, ಅವಳನ್ನು ಹಿಂದೆ ಕೂರಿಸಿಕೊಂಡು ತಂದು ನನ್ನೆದುರು ಇಳಿಸಿದ. "ಕೂಸಿಗೆ ಹುಷಾರಿಲ್ಲ ಕಣ್ರೀ" ಎಂದ. ಹೆಸರೂ ಕೇಳಲಿಲ್ಲ ನಾನು. ಲಂಗದ ತುಂಬಾ ಮೀನಿನ ವಾಸನೆ. "ನಿಮ್ಮವ್ವ ಇವತ್ತು ನಿನ್ನ ಹೊಸ್ತಿಲು ದಾಟಿಸಲ್ಲ" ಎಂದು ನಾನು ಬಿದ್ದು ಬಿದ್ದು ನಕ್ಕೆ. ಅವಳೂ ನಕ್ಕಳು. ನಗುವಾಗ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು.

ನಾನು ಅದನ್ನು ನೋಡಿದ್ದೆ.